ಕೇಳದೆ ಬಿಟ್ಟ ಪ್ರಶ್ನೆ

ತಂಗಿ ಬಚ್ಚಲಿನ ನಲ್ಲಿ ತಿರುಗಿಸಿದಳು; ನೀರು ಸದ್ದಿಲ್ಲದೆ ಬಂತು. ಅಡುಗೆಮನೆಯದೂ ಹಾಗೆಯೇ. ಹಿತ್ತಿಲ ತೊಟ್ಟಿಯ ಮೇಲಿನದು ಎರಡು ಸಲ ಕೆಮ್ಮಿ, ತುಕ್ಕಿನ ಬಣ್ಣದ ನೀರು ಉಗುಳಿ, ಮತ್ತೆ ಸಾಧುವಾಯಿತು.

"ಪತ್ರಿಕೆ ಬಿಟ್ಟು ನಲ್ಲಿ ರಿಪೇರಿ ಕೆಲಸಕ್ಕೆ ಸೇರ್ಕೊಂಡ್ಯಾ?" ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಅಕ್ಕ ಕೇಳಿದಳು. "ಬೆಳಗ್ಗೆಯಿಂದ ನೋಡ್ತಿದೀನಿ. ಬಾಗಿಲೆಲ್ಲ ಎಳೆದು ನೋಡಿದೆ, ಕಪಾಟು ತೆಗೆದು ಹಾಕಿದೆ, ಹೊಲಿಗೆ ಯಂತ್ರ ತುಳಿದೆ. ಏನು ಹುಡುಕ್ತಿದೀಯ ಅಂತ ಬಾಯಿಬಿಟ್ಟು ಹೇಳಬಾರದಾ?"

"ಒಂದು ಸದ್ದು ಹುಡುಕ್ತಿದೀನಿ."

"ಎಂಥ ಸದ್ದು?"

ತಂಗಿ ಹಿಂಜರಿದಳು. "ಮಗು ಅತ್ತ ಹಾಗೆ ಕೇಳೋ ಸದ್ದು. ಆರು ವರ್ಷದ ಹಿಂದೆ ಬೆಕ್ಕು ಗಿಕ್ಕು ಸಾಕಿದ್ರಾ?"

ಅಕ್ಕನ ಮುಖ ಒಂದು ಗಳಿಗೆ ಬಾಡಿತು. ಮಗುವಿಗಾಗಿ ಅವಳು ಹತ್ತಿಳಿದ ಆಸ್ಪತ್ರೆ ಮೆಟ್ಟಿಲು ಒಂದೆರಡಲ್ಲ. "ಬೆಕ್ಕಿನ ಕೂದಲು ನಿನ್ನ ಭಾವನಿಗೆ ಆಗ್ತಿರಲಿಲ್ಲ," ಎಂದಳು. "ಮಗುವಿನ ವಿಷಯ ನಿನಗೆ ಗೊತ್ತೇ ಇದೆ."

ಸರ್ಕಾರದ ಕದ್ದಾಲಿಕೆ ಕಚೇರಿಯಲ್ಲಿ ಹಿಂದೆ ಟೈಪಿಸ್ಟ್ ಆಗಿದ್ದೆ ಎಂದು ಹೇಳಿಕೊಂಡ ಹೆಂಗಸೊಬ್ಬಳು ನಾಲ್ಕು ದಿನದ ಹಿಂದೆ ಹನ್ನೊಂದು ಹಾಳೆ ತಂದು ಕೊಟ್ಟಿದ್ದಳು. ಅಷ್ಟರಲ್ಲೂ ಇದ್ದದ್ದು ಈ ಮನೆಯ ಫೋನಿನಲ್ಲಿ ಆರು ವರ್ಷದ ಹಿಂದೆ ನಡೆದ ಮಾತು. ತಾರೀಖು, ಗಂಟೆ, ನಿಮಿಷ ಸಮೇತ. ಅವು ನಿಜವೋ ಕಟ್ಟುಕತೆಯೋ ಎಂದು ಪತ್ತೆ ಹಚ್ಚುವುದು ತಂಗಿಯ ಕೆಲಸ.

ಕೆಲಸವೇ ಅವಳ ಹೆಸರಾಗಿ ಹದಿನೈದು ವರ್ಷವಾಗಿತ್ತು. ಪ್ರತಿ ಸೋಮವಾರ ಪತ್ರಿಕೆಯಲ್ಲಿ ಅವಳ 'ಜರಡಿ' ಅಂಕಣ ಬರುತ್ತಿತ್ತು. ಊರಲ್ಲಿ ಹರಿದಾಡುವ ಮಾತೊಂದನ್ನು ಹಿಡಿದು, ಸೋಸಿ, ಕೊನೆಗೆ ಮೂರರಲ್ಲಿ ಒಂದು ತೀರ್ಪು: ನಿಜ, ಸುಳ್ಳು, ಆಧಾರವಿಲ್ಲ. ಕಚೇರಿಯಲ್ಲೂ ಓದುಗರ ಬಾಯಲ್ಲೂ ಅವಳು ಜರಡಿ ಅಕ್ಕ.

ಆರು ವರ್ಷದ ಹಿಂದೆ ಆ ಅಂಕಣದಲ್ಲಿ ಸ್ವಂತ ಭಾವನ ಮಾತನ್ನೇ ಸೋಸಿದ್ದಳು. ಭಾವ ಕಾರ್ಮಿಕರ ವಕೀಲ. ಸರ್ಕಾರ ತನ್ನ ಫೋನು ಕದ್ದು ಕೇಳುತ್ತಿದೆ ಎಂದು ಸಭೆಯೊಂದರಲ್ಲಿ ಹೇಳಿದ್ದರು. ಜರಡಿಯ ತೀರ್ಪು 'ಆಧಾರವಿಲ್ಲ' ಎಂದು ಬಂತು. ಮಾರನೆಯ ದಿನದಿಂದಲೇ ನ್ಯಾಯಾಲಯದ ಪಡಸಾಲೆಯಲ್ಲಿ ಅವರಿಗೆ 'ಕಿವಿ ವಕೀಲ' ಎಂಬ ಅಡ್ಡಹೆಸರು ಅಂಟಿತು. ಅವರು ಹತ್ತಿರ ಬಂದರೆ ಕಿರಿಯ ವಕೀಲರು ಕಿವಿ ಮುಚ್ಚಿಕೊಂಡು ಪಿಸುಗುಟ್ಟುತ್ತಿದ್ದರು. ಕಕ್ಷಿದಾರರು ಒಬ್ಬೊಬ್ಬರಾಗಿ ಜಾರಿಕೊಂಡರು. ನಾಲ್ಕು ವರ್ಷ ಹೀಗೇ ನಡೆದು, ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ಅವರ ಹೃದಯ ನಿಂತಿತು.

ಹನ್ನೊಂದು ಹಾಳೆಗಳಲ್ಲಿ ಎಂಟು, ಈ ಮನೆಯಿಂದ ಹೊರಗೆ ಮಾಡಿದ ಕರೆಗಳು. ಅಕ್ಕ ಹಳೆಯ ಫೋನ್ ಬಿಲ್ಲುಗಳನ್ನು ಇನ್ನೂ ತಂತಿಗೆ ಚುಚ್ಚಿ ಇಟ್ಟಿದ್ದಳು. ಎಂಟಕ್ಕೆ ಎಂಟೂ ನಿಮಿಷದ ಲೆಕ್ಕದಲ್ಲಿ ಹೊಂದಿದವು. ಆದರೆ ಅದರಿಂದ ಜರಡಿಗೆ ಸಮಾಧಾನವಾಗಲಿಲ್ಲ. ಬಿಲ್ಲು ಕಂಡವನು ಯಾವನಾದರೂ ಅಷ್ಟು ಹೊಂದಿಸಿ ಬರೆಯಬಲ್ಲ. ಒಳಗೆ ಬಂದ ಕರೆ ಬಿಲ್ಲಿನಲ್ಲಿ ಇರುವುದಿಲ್ಲ. ಅಂಥವು ಮೂರು. ಅವುಗಳಲ್ಲಿ ಏಳನೇ ಹಾಳೆಯ ಕರೆ ಮಾಡಿದವಳು ಅವಳೇ.

'ಸಂಜೆ ಆರು ಗಂಟೆ ಹತ್ತು ನಿಮಿಷ. ನಾದಿನಿಯಿಂದ ವಕೀಲರ ಪತ್ನಿಗೆ. ನನಗೂ ಭಾವನ ತಲೆ ಸರಿ ಇಲ್ಲ ಅಂತಲೇ ಅನ್ನಿಸ್ತಿದೆ ಕಣೇ ಅಕ್ಕ, ಯಾರಿಗಾದರೂ ತೋರಿಸು ಎನ್ನುತ್ತಾರೆ. ಪತ್ನಿ ಉತ್ತರಿಸುವುದಿಲ್ಲ. ಹಿನ್ನೆಲೆಯಲ್ಲಿ ಮಗು ಅಳುವ ಸದ್ದು, ಸುಮಾರು ಒಂದು ನಿಮಿಷ.'

ಆ ಮಾತು ಆಡಿದ್ದು ನಿಜ. ಕೇಳಿದ್ದು ಅಕ್ಕ ಒಬ್ಬಳೇ. ಹಾಗಾದರೆ ಅಕ್ಕನೇ ಯಾರಿಗೋ ಹೇಳಿರಬೇಕು, ಇಲ್ಲವೇ ಮೂರನೆಯ ಕಿವಿ ಇದ್ದಿರಬೇಕು. ಆದರೆ ಆ ಮಗು? ಈ ಮನೆಯಲ್ಲಿ ಎಂದೂ ಮಗು ಅತ್ತಿಲ್ಲ. ಸುಳ್ಳು ಹೆಣೆಯುವವರು ಎಡವುವುದೇ ಇಂಥ ಕಡೆ. ನಿನ್ನೆ ಅವಳ ಪೆನ್ನು 'ಆಧಾರವಿಲ್ಲ' ಎಂದು ಬರೆಯಲು ಅರ್ಧ ಎದ್ದಿತ್ತು. ಆರು ವರ್ಷದ ಹಿಂದೆಯೂ ಹೀಗೇ ಎದ್ದಿತ್ತು ಎಂಬುದು ನೆನಪಾಗಿ ಕೆಳಗಿಟ್ಟಿದ್ದಳು.

"ಇನ್ನು ನಲ್ಲಿ ಇರೋದು ಮಹಡಿ ಮೇಲೆ ಒಂದೇ," ಎಂದಳು ಅಕ್ಕ. "ಅವರ ಗಿಡಗಳ ಹತ್ತಿರ. ಅವರು ಹೋದ್ಮೇಲೆ ನಾನು ಅದನ್ನ ಮುಟ್ಟಿಲ್ಲ."

"ನೀನು ಫೋನಿನ ಹತ್ತಿರ ನಿಂತಿರು. ನಾನು ತಿರುಗಿಸ್ತೀನಿ."

ನಲ್ಲಿ ಬಿಗಿದುಕೊಂಡಿತ್ತು. ಸೆರಗು ಸುತ್ತಿ ಬಲವಾಗಿ ತಿರುಗಿಸಿದಳು. ಹನಿ ನೀರೂ ಬರಲಿಲ್ಲ. ಮೊದಲು ಕೊಳವೆ ನಡುಗಿತು. ಆಮೇಲೆ ಗೋಡೆಯೊಳಗಿಂದ ಒಂದು ಸದ್ದು ಸಣ್ಣಗೆ ಶುರುವಾಗಿ, ಏರಿ, ಉಸಿರು ಸಿಕ್ಕಿಕೊಂಡಂತೆ ನಿಂತು, ಮತ್ತೆ ಏರಿತು.

ಅವಳು ಮೆಟ್ಟಿಲಿಳಿದು ಓಡಿ ಬಂದಳು. ಫೋನಿನ ಹಿಂದಿನ ಗೋಡೆಯಲ್ಲೇ ಆ ಕೊಳವೆ ಹಾದು ಹೋಗಿತ್ತು. ನಡುಮನೆಯಲ್ಲಿ ಹಸುಗೂಸೊಂದು ಅಳುತ್ತಿತ್ತು. ಅಕ್ಕ ಫೋನಿನ ಮೇಜು ಹಿಡಿದುಕೊಂಡು ನಿಂತಿದ್ದಳು.

"ಎಷ್ಟು ದಿನ ಕೇಳಿದ್ದ ಸದ್ದು," ಎಂದಳು. "ಇದು ಮಗು ಅತ್ತ ಹಾಗಿದೆ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ."

"ನಿನಗೆ ಅನ್ನಿಸಲ್ಲ ಅಕ್ಕ. ಮೇಲೆ ಯಾರೋ ನಲ್ಲಿ ಬಿಟ್ರು ಅಂತ ನಿನಗೆ ಗೊತ್ತಿರುತ್ತೆ. ಮನೆಗೆ ಬಂದವರಿಗೂ ಗೊತ್ತಾಗುತ್ತೆ. ಗೊತ್ತಾಗದೆ ಇರೋದು, ಈ ಮನೆ ನೋಡದೆ ಬರೀ ಮಾತು ಕೇಳಿಸಿಕೊಂಡು ಕೂತಿದ್ದವರಿಗೆ." ಅವಳು ಏಳನೇ ಹಾಳೆಯ ಮೇಲೆ ಬೆರಳಿಟ್ಟಳು. "ನೀನು ಹೇಳಿಕೊಟ್ಟು ಬರೆಸಿದ್ರೆ ಈ ತಪ್ಪು ಆಗ್ತಿರಲಿಲ್ಲ. ತಪ್ಪು ಇದೆಯಲ್ಲ, ಅದೇ ಸಾಕ್ಷಿ."

ಮೇಲೆ ನೀರು ಬರತೊಡಗಿ ಅಳು ತಾನಾಗಿ ನಿಂತಿತು.

"ಸಂಜೆ ಆರಕ್ಕೆ ಅವರು ಗಿಡಕ್ಕೆ ನೀರು ಹಾಕ್ತಿದ್ರು," ಎಂದಳು ಅಕ್ಕ. "ದಿನಾ."

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಕೆಳಗೆ ಇವರು ಆ ಮನುಷ್ಯನ ತಲೆ ಸರಿಯಿಲ್ಲ ಎಂದು ಮಾತಾಡುತ್ತಿದ್ದಾಗ, ಮೇಲೆ ಅವರು ಗಿಡಕ್ಕೆ ನೀರುಣಿಸುತ್ತಿದ್ದರು.

"ಹಾಗಾದ್ರೆ ಅವರು ಹೇಳಿದ್ದು ನಿಜ."

"ನಿಜ, ಅಕ್ಕ."

"ಈಗ ಇದನ್ನ ಯಾರಿಗೆ ಹೇಳೋಣ, ಹೇಳು." ಅಕ್ಕ ಕೈ ಚಾಚಿದಳು. "ಬೆಳಗ್ಗೆಯಿಂದ ಒಂದು ಹಾಳೆ ಮಡಿಚಿ ಚೀಲದಲ್ಲಿ ಇಟ್ಕೊಂಡಿದೀಯ. ಅದನ್ನೂ ಕೊಡು."

ಅದು ಹನ್ನೊಂದನೆಯದು. ತೋರಿಸಬಾರದು ಎಂದೇ ಮಡಿಚಿಟ್ಟಿದ್ದಳು. ತಾರೀಖು ಜರಡಿಯ ತೀರ್ಪು ಅಚ್ಚಾದ ನಾಲ್ಕನೇ ದಿನದ್ದು. ಭಾವ ತಮ್ಮ ಹಳೆಯ ಗೆಳೆಯನ ಜೊತೆ ಮಾತಾಡಿದ್ದು. ಟೈಪಿಸ್ಟ್ ತನ್ನ ಕಡೆಯಿಂದ ಏನೂ ಸೇರಿಸದೆ, ಅವರ ಒಂದು ಸಾಲನ್ನು ಹೇಳಿದಂತೆಯೇ ಟೈಪ್ ಮಾಡಿದ್ದಳು: 'ನನ್ನ ನಾದಿನಿ ಸುಳ್ಳು ಬರೆಯುವವಳಲ್ಲ. ಅವಳು ಹೋಗಿ ನೋಡಿ ಇಲ್ಲ ಅಂದಿದ್ದಾಳೆ ಅಂದರೆ ಇಲ್ಲ. ನನಗೇ ಏನೋ ಆಗಿರಬೇಕು.'

ಅಕ್ಕ ಎರಡು ಸಲ ಓದಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಚಿ ತಂಗಿಯ ಕೈಗಿಟ್ಟು, ನಲ್ಲಿ ನಿಲ್ಲಿಸಿ ಬರುತ್ತೇನೆ ಎಂದು ಮೆಟ್ಟಿಲು ಹತ್ತಿದಳು. ಅರ್ಧ ಗಂಟೆಯಾದರೂ ಇಳಿಯಲಿಲ್ಲ. ಜರಡಿ ಬಾಗಿಲು ಎಳೆದುಕೊಂಡು ಹೊರಟಳು.

*

ಅಚ್ಚಿಗೆ ಒಂದು ಸಾಕ್ಷಿ ಸಾಲದು. ಎರಡನೆಯ ಸಾಕ್ಷಿ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದಲ್ಲಿ, ಮಗಳ ಹೊಲಿಗೆ ಅಂಗಡಿಯ ಹಿಂಬದಿಯಲ್ಲಿ ಮಣೆಯ ಮೇಲೆ ಕೂತು ಶಾಲೆಯ ಅಂಗಿಗಳಿಗೆ ಗುಂಡಿ ಹಚ್ಚುತ್ತಿತ್ತು.

ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎಂಜಿನಿಯರ್ ಆಗಿದ್ದವರು. ಕೂದಲೆಳೆಯಂಥ ತಂತಿ ಹಿಡಿದ ಬೆರಳುಗಳಿಗೆ ಸೂಜಿ ದೊಡ್ಡ ಮಾತಲ್ಲ. ಅಂದು ಭಾವನ ಲೈನು ಶುದ್ಧವಾಗಿದೆ ಎಂದು ಹೇಳಿದವರು ಇವರೇ. ಆ ಒಂದು ಮಾತಿನ ಮೇಲೆ ಜರಡಿಯ ತೀರ್ಪು ನಿಂತಿತ್ತು.

"ಬನ್ನಿ," ಎಂದರು, ತಲೆ ಎತ್ತದೆ. "ಕುರ್ಚಿ ಮೇಲಿನ ಬಟ್ಟೆ ಆಚೆ ಇಟ್ಟು ಕೂತ್ಕೊಳ್ಳಿ."

ಮುಂದೆ ಮೂರು ಯಂತ್ರಗಳು ಗಡಗಡ ಓಡುತ್ತಿದ್ದವು. ಗುಟ್ಟು ಮಾತಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಜರಡಿ ಏಳನೇ ಹಾಳೆಯನ್ನು ಅವರ ತೊಡೆಯ ಮೇಲಿನ ಅಂಗಿಯ ಮೇಲೆ ಇಟ್ಟಳು. ಅವರು ಕನ್ನಡಕ ಮೂಗಿಗೆ ಇಳಿಸಿ ಓದಿದರು.

"ಎಲ್ಲಿ ಸಿಕ್ತು ಅಂತ ಕೇಳಲ್ಲ," ಎಂದರು.

"ಕೇಳಿದ್ರೂ ಹೇಳಲ್ಲ. ಆರು ವರ್ಷದ ಹಿಂದೆ ನಿಮ್ಮ ಎಕ್ಸ್‌ಚೇಂಜಿಗೆ ಬಂದಿದ್ದೆ."

"ನೀಲಿ ಪುಸ್ತಕ ಹಿಡ್ಕೊಂಡಿದ್ರಿ."

"ಭಾವನ ಲೈನಿಗೆ ಯಾರೂ ಏನೂ ಜೋಡಿಸಿಲ್ಲ ಅಂದ್ರಿ. ತಂತಿ ಕಪಾಟು ತೆಗೆದು ಒಂದೊಂದೇ ತೋರಿಸಿದ್ರಿ."

"ತೋರಿಸಿದೆ. ಜೋಡಿಸಿರಲಿಲ್ಲ."

"ಹಾಗಾದ್ರೆ ನಿಮ್ಮ ಕೈಯಲ್ಲಿರೋದು ಏನು?"

ಅವರು ದಾರವನ್ನು ಹಲ್ಲಿನಲ್ಲಿ ಕಡಿದರು. "ತಂತಿಗೆ ತಂತಿ ಜೋಡಿಸೋ ಕಾಲ ಆಗಲೇ ಮುಗಿದಿತ್ತಮ್ಮ. ಮೂರನೇ ಮಹಡಿಯ ಕಂಪ್ಯೂಟರಿನಲ್ಲಿ ಒಂದು ಸಾಲು ಬರೆದ್ರೆ ಸಾಕು. ಆ ಮನೆಯಲ್ಲಿ ಆಡಿದ ಮಾತಿನ ಇನ್ನೊಂದು ಪ್ರತಿ ತಾನಾಗೇ ಬೇರೆ ಕಟ್ಟಡಕ್ಕೆ ಹೋಗುತ್ತೆ. ನೀವು ಕೇಳಿದ್ದು ತಂತಿ ವಿಷಯ. ನಾನು ಹೇಳಿದ್ದೂ ತಂತಿ ವಿಷಯ."

"ಹಾವೂ ಸಾಯಬಾರದು, ಕೋಲೂ ಮುರೀಬಾರದು. ಸುಳ್ಳು ಹೇಳಲಿಲ್ಲ ಅಂತ ಕೈ ತೊಳ್ಕೊಂಡ್ರಿ."

"ತೊಳ್ಕೊಂಡೆ ಅಂತ ಅಂದ್ಕೊಂಡೆ."

"ಒಬ್ಬ ಮನುಷ್ಯ ಹಾಳಾಗಿ ಹೋದ್ರು ಸಾರ್."

"ಪತ್ರಿಕೆಯಲ್ಲಿ ಓದಿದೆ. ಅವರು ತೀರಿಕೊಂಡಿದ್ದನ್ನೂ ಓದಿದೆ." ಅವರು ಮೊದಲ ಸಲ ತಲೆ ಎತ್ತಿದರು. "ನಿಮ್ಮ ಹತ್ತಿರ ಒಂದು ಮಾತು ಹೇಳಲಾ? ಬೇಜಾರು ಮಾಡ್ಕೋಬೇಡಿ. ಅವತ್ತು ನೀವು ಎರಡನೇ ಪ್ರಶ್ನೆ ಕೇಳ್ತೀರಿ ಅಂತ ನಾನು ಕಾದೆ. ತಂತಿ ಬಿಟ್ಟು ಬೇರೆ ದಾರಿ ಇದೆಯಾ ಅಂತ. ಇದೆ ಅನ್ನೋ ಧೈರ್ಯ ನನಗೆ ಇರಲಿಲ್ಲ. ಆದ್ರೆ ಇಲ್ಲ ಅಂತ ನಿಮ್ಮ ಮುಖ ನೋಡಿ ಹೇಳೋಕೂ ಆಗ್ತಿರಲಿಲ್ಲ. ನಾನು ತಡವರಿಸಿದ್ರೆ ನಿಮಗೆ ಗೊತ್ತಾಗಿಬಿಡ್ತಿತ್ತು. ನೀವು ಪುಸ್ತಕ ಮುಚ್ಚಿದ್ರಿ."

ಮುಚ್ಚಿದ್ದು ಅವಳಿಗೂ ನೆನಪಿತ್ತು. ಗೋಡೆ ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು. ಮೂರಕ್ಕೆ ಬರಹ ಕೊಡಬೇಕಿತ್ತು. ಭಾವನ ಪರ ಬರೆಯುತ್ತಾಳೆ ನೋಡಿ ಎಂದು ಕಚೇರಿಯಲ್ಲಿ ಪಿಸುಮಾತು ಅದಾಗಲೇ ಎದ್ದಿತ್ತು. ಎಂಜಿನಿಯರ್ 'ಇಲ್ಲ' ಎಂದಾಗ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಸಂಪಾದಕರು ನಾಲ್ಕು ಜನರ ಮುಂದೆ, "ಸ್ವಂತ ಭಾವ ಅಂತಲೂ ನೋಡಲಿಲ್ಲ, ಇದು ಕೆಲಸ ಅಂದ್ರೆ," ಎಂದಿದ್ದರು. ಆ ಹೊಗಳಿಕೆಯನ್ನು ಅವಳು ವಾರಗಟ್ಟಲೆ ಒಳಗೊಳಗೇ ಚಪ್ಪರಿಸಿದ್ದಳು. ಇಂದು ಅದು ನಾಲಿಗೆಯ ಮೇಲೆ ಕಹಿಯಾಗಿ ಕೂತಿತು.

"ನೀವೀಗ ಹೇಳಿದ್ದನ್ನ ನಿಮ್ಮ ಹೆಸರು ಹಾಕಿ ಬರೀಬಹುದಾ?" ಎಂದಳು.

ಎಂಜಿನಿಯರ್ ಮುಂದಿನ ಕೋಣೆಯ ಕಡೆ ನೋಡಿದರು. ಮಗಳು ಯಾರದೋ ತೋಳಿನ ಅಳತೆ ತೆಗೆಯುತ್ತಿದ್ದಳು.

"ಹಾಕಿ," ಎಂದರು. "ಪಿಂಚಣಿ ನಿಲ್ಲಿಸಿದ್ರೆ ನಿಲ್ಲಿಸಲಿ. ಗುಂಡಿ ಹಚ್ಚೋಕೆ ಬರುತ್ತಲ್ಲ. ಈ ಊರಲ್ಲಿ ಮಕ್ಕಳು ಗುಂಡಿ ಕೀಳೋದು ನಿಲ್ಲಿಸೋವರೆಗೂ ನನ್ನ ಹೊಟ್ಟೆಗೆ ಮೋಸ ಇಲ್ಲ." ಸ್ವಲ್ಪ ನಕ್ಕರು; ನಗು ಕಣ್ಣಿನವರೆಗೆ ಹೋಗಲಿಲ್ಲ. "ಆದ್ರೆ ಬೇಗ ಬರೀರಿ. ನೀವು ಬರ್ತೀರಿ ಅಂತ ನಿನ್ನೆಯೇ ಫೋನ್ ಬಂದಿತ್ತು."

ಜರಡಿಯ ಪೆನ್ನು ನಿಂತಿತು. "ಯಾರದು?"

"ಹೆಸರು ಹೇಳಲಿಲ್ಲ. ಇಲಾಖೆಯವರ ದನಿ, ನಮಗೆ ಗೊತ್ತಾಗುತ್ತೆ. 'ಜರಡಿ ಬರೆಯೋ ಹೆಂಗಸು ನಿಮ್ಮನ್ನ ಹುಡುಕ್ಕೊಂಡು ಬರ್ತಾಳೆ, ವಯಸ್ಸಾಯ್ತು, ಏನೂ ನೆನಪಿಲ್ಲ ಅಂದುಬಿಡಿ' ಅಂದ್ರು."

"ನಾನು ಇಲ್ಲಿಗೆ ಬರೋದು ಯಾರಿಗೂ ಗೊತ್ತಿಲ್ಲ. ಸಂಪಾದಕರಿಗೂ ಹೇಳಿಲ್ಲ. ನಾನು ಹೇಳಿದ್ದು ಅಕ್ಕನಿಗೆ, ಫೋನಿನಲ್ಲಿ..."

ಮಾತು ಅಲ್ಲೇ ಮುರಿಯಿತು. ಮೊನ್ನೆ ಬೆಳಗ್ಗೆ ಅಕ್ಕನಿಗೆ ಫೋನ್ ಮಾಡಿದ್ದಳು. ಹಳೇ ಬಿಲ್ಲು ಹುಡುಕಿಡು, ಎಕ್ಸ್‌ಚೇಂಜಿನ ಆ ಎಂಜಿನಿಯರನ್ನೂ ಹೋಗಿ ಕೇಳ್ತೀನಿ ಎಂದಿದ್ದಳು.

ಎಂಜಿನಿಯರ್ ಅವಳ ಮುಖ ಓದಿದರು. "ನಿಮ್ಮ ಅಕ್ಕ ಅದೇ ನಂಬರ್ ಇಟ್ಕೊಂಡಿದಾರಾ?"

"ಭಾವ ಹೋಗಿ ಎರಡು ವರ್ಷ ಆಯ್ತು. ಈಗಲೂ ಯಾಕೆ ಕೇಳ್ತಾರೆ?"

"ಮನುಷ್ಯ ಸಾಯ್ತಾನೆ, ನಂಬರ್ ಸಾಯಲ್ಲ. ಪಟ್ಟಿಗೆ ಸೇರಿಸೋಕೆ ಒಂದು ಸಹಿ ಬೇಕು, ತೆಗೆಯೋಕೂ ಒಂದು ಸಹಿ ಬೇಕು. ತೆಗೆದು ಆಮೇಲೆ ಏನಾದ್ರೂ ಆದ್ರೆ ತಲೆ ಕೊಡೋರು ಯಾರು? ಅದಕ್ಕೇ ಎರಡು ತಿಂಗಳಿಗೊಮ್ಮೆ 'ಮುಂದುವರಿಸಿ' ಅಂತ ಬರೀತಾ ಹೋಗ್ತಾರೆ." ಅವರು ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಟ್ಟರು. "ಅಕ್ಕನಿಗೆ ಆ ಫೋನಿನಲ್ಲಿ ಇನ್ನೇನು ಹೇಳಿದ್ರಿ? ನೆನಪು ಮಾಡ್ಕೊಳ್ಳಿ."

ನೆನಪು ಮಾಡಿಕೊಳ್ಳಬೇಕಾಗಿಯೇ ಇರಲಿಲ್ಲ. ಈ ಹಾಳೆ ತಂದುಕೊಟ್ಟಿದ್ದು ಯಾರೇ, ನಂಬಬಹುದಾ ಎಂದು ಅಕ್ಕ ಕೇಳಿದ್ದಳು. ಅಲ್ಲೇ ಟೈಪ್ ಮಾಡ್ತಿದ್ದವಳಂತೆ, ಕೆಲಸ ಬಿಟ್ಟು ಈಗ ಕೆರೆ ಹತ್ತಿರದ ಬಾಲಕಿಯರ ಶಾಲೆಯ ಗ್ರಂಥಾಲಯದಲ್ಲಿ ಇದಾಳಂತೆ ಎಂದು ಇವಳು ಹೇಳಿದ್ದಳು.

ನನ್ನ ಗುರುತು ಒಬ್ಬರಿಗೂ ಬಿಟ್ಟುಕೊಡಬೇಡಿ ಅಕ್ಕ ಎಂದು ಟೈಪಿಸ್ಟ್ ಕೈ ಹಿಡಿದು ಕೇಳಿಕೊಂಡಿದ್ದಳು. ಆಗಲಿ ಎಂದು ಜರಡಿ ಮಾತು ಕೊಟ್ಟಿದ್ದಳು. ಒಡಹುಟ್ಟಿದವಳಿಗೆ ಹೇಳಿದರೆ ಅದೇನು ಹೇಳಿದ ಲೆಕ್ಕವೇ ಎಂದುಕೊಂಡಿದ್ದಳು. ನಿಜ ಹೇಳಬೇಕೆಂದರೆ ಮೊನ್ನೆ ಬೆಳಗ್ಗೆ ಅವಳಿಗೆ ಆ ಹಾಳೆಗಳ ಮೇಲೆ ನಂಬಿಕೆಯೇ ಇರಲಿಲ್ಲ. ಕದ್ದು ಕೇಳುತ್ತಾರೆ ಎಂದು ನಂಬದವಳಿಗೆ ಫೋನಿನ ಮುಂದೆ ಎಚ್ಚರ ಎಲ್ಲಿಂದ ಬರಬೇಕು? ಭಾವನ ಮಾತನ್ನು ಅಂದೂ ನಂಬಲಿಲ್ಲ, ಮೊನ್ನೆಯೂ ನಂಬಲಿಲ್ಲ.

ಅವಳು ಹಾಳೆಯನ್ನು ಎತ್ತಿಕೊಳ್ಳುವುದನ್ನೂ ಮರೆತು ಎದ್ದಳು. ಎಂಜಿನಿಯರ್ ಅದನ್ನು ಮಡಿಚಿ ಅವಳ ಚೀಲಕ್ಕೆ ಹಾಕಿದರು.

"ಹಾಳೆ ಕೊಟ್ಟವರಿಗೆ ಫೋನ್ ಮಾಡೋಕೆ ಹೋಗಬೇಡಿ," ಎಂದರು. "ಖುದ್ದಾಗಿ ಹೋಗಿ."

*

ಕೆರೆಯ ದಂಡೆ ಬಳಸಿ ಆಟೋ ಶಾಲೆಯ ಗೇಟಿಗೆ ಬಂದಾಗ ಮೂರೂವರೆ. ಕೊನೆಯ ಪಾಠ ನಡೆಯುತ್ತಿತ್ತು. ಅಂಗಳ ಖಾಲಿ, ಯಾವುದೋ ತರಗತಿಯಿಂದ ಮಗ್ಗಿ ಒಪ್ಪಿಸುವ ದನಿಗಳು ಬರುತ್ತಿದ್ದವು. ಗ್ರಂಥಾಲಯ ಎಡಗಡೆಯ ಕೊನೆಯ ಕೋಣೆ.

ಬಾಗಿಲು ತೆರೆದಿತ್ತು. ಮೇಜಿನ ಮೇಲೆ ಬೆನ್ನು ಕಿತ್ತ ಪುಸ್ತಕ, ಪಕ್ಕದಲ್ಲಿ ಅಂಟಿನ ಡಬ್ಬಿ. ಕುಂಚ ಅದರಲ್ಲೇ ನಿಂತಿತ್ತು. ಅಂಟಿನ ಮೇಲ್ಪದರ ಆಗಲೇ ಒಣಗಿ ಚರ್ಮವಾಗಿತ್ತು. ಕುರ್ಚಿಯ ಬೆನ್ನಿಗೆ ಹೆಂಗಸಿನ ಕೈಚೀಲ ನೇತಾಡುತ್ತಿತ್ತು. ಕುರ್ಚಿ ಖಾಲಿ.

ಕಪಾಟುಗಳ ನಡುವಿನಿಂದ ಶಾಲೆಯ ಆಯಾ ಪೊರಕೆ ಹಿಡಿದು ಬಂದಳು. ಐವತ್ತು ದಾಟಿದ, ಒಳ್ಳೆಯ ಮುಖದ ಹೆಂಗಸು.

"ಲೈಬ್ರರಿ ಮೇಡಂ ಎಲ್ಲಿ?" ಜರಡಿ ಕೇಳಿದಳು.

"ಊಟ ಆದ್ಮೇಲೆ ಹೊರಗೆ ಹೋದ್ರಲ್ಲ. ಇಬ್ಬರು ಬಂದಿದ್ರು ಕರ್ಕೊಂಡು ಹೋಗೋಕೆ. ಒಬ್ಬರು ಗಂಡಸರು, ಒಬ್ಬರು ಹೆಂಗಸರು. ಬಿಳೀ ಕಾರು." ಆಯಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಯಾರಮ್ಮ?"

"ನಾನು ಪತ್ರಿಕೆಯವಳು. ಜರಡಿ ಅಂತ ಬರೀತೀನಿ."

ಆಯಾಳ ಮುಖ ಅರಳಿತು. ಹಿಡಿದಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಅಯ್ಯೋ, ನೀವೇನಾ ಜರಡಿ ಅಕ್ಕ? ಅವರಿಬ್ಬರೂ ನಿಮ್ಮ ಕಡೆಯವರೇ ಅಲ್ವಾ? ಮೊದಲು ಮೇಡಂ ಬರಲ್ಲ ಅಂತ ಕೂತಿದ್ರು, ಮುಖ ಬಿಳಿಚಿಕೊಂಡಿತ್ತು ಪಾಪ. ಜರಡಿ ಅಕ್ಕ ಕಳಿಸಿದಾರೆ, ಹಾಳೆ ಎಲ್ಲ ನಿಜ ಅಂತ ಅವರಿಗೆ ಗೊತ್ತಾಯ್ತಂತೆ, ನಿಮ್ಮನ್ನ ಸುರಕ್ಷಿತವಾದ ಕಡೆ ಬಿಡೋಕೆ ಹೇಳಿದಾರೆ ಅಂದ್ರು. ಆಮೇಲೆ ಮೇಡಂ ಹಿಂದುಮುಂದು ನೋಡಲಿಲ್ಲ. ಚೀಲ ಸಹ ಮರೆತು ಎದ್ರು."

ಹಾಳೆ ನಿಜ ಎಂದು ಜರಡಿಗೆ ಗೊತ್ತಾಗಿದ್ದು ಇಂದು ಬೆಳಗ್ಗೆ. ಅದನ್ನು ಅವಳು ಯಾವ ಫೋನಿನಲ್ಲೂ ಹೇಳಿರಲಿಲ್ಲ. ಹೇಳಿದ್ದು ಅಕ್ಕನ ನಡುಮನೆಯಲ್ಲಿ, ಅಕ್ಕನ ಮುಖ ನೋಡಿಕೊಂಡು. ಫೋನನ್ನು ಯಾರೂ ಎತ್ತಿರಲೇ ಇಲ್ಲ. ಮೂರನೆಯ ಕಿವಿ ಇದ್ದದ್ದು ಫೋನಿನ ಮಾತಿಗಷ್ಟೇ ಅಲ್ಲ, ಆ ಮನೆಯ ಒಳಗೇ.

"ಮೇಡಂ ಆ ಮೇಲಿನ ಕಪಾಟಿಂದ ಒಂದು ಕಟ್ಟು ಇಳಿಸಿಕೊಂಡ್ರು," ಆಯಾ ಬೆರಳು ತೋರಿಸುತ್ತ ಹೇಳುತ್ತಲೇ ಇದ್ದಳು. "ನೀವು ಬಂದ್ರೆ ಹೇಳು ಅಂದ್ರು ನನಗೆ. ಮಿಕ್ಕ ನಲವತ್ತು ಮನೆಗಳ ಹಾಳೆನೂ ನಿಮ್ಮವರ ಕೈಗೇ ಕೊಟ್ಟಿದೀನಿ, ನನ್ನ ಹತ್ತಿರ ಇನ್ನು ಏನೂ ಉಳಿದಿಲ್ಲ ಅಂತ."